ಸೋಮಾರಿ ಹುಡುಗ ಎಲ್ಲಿಂದ ಬಂದ?

ಪೋಷಕರ ಸಭೆಗಳಲ್ಲಿ ತಪ್ಪದೇ ಕೇಳಿಬರುವ ಮಾತೊಂದಿದೆ: 'ಹುಡುಗ ದಡ್ಡನೇನಲ್ಲ, ಓದಿನಲ್ಲಿ ಆಸಕ್ತಿ ಇಲ್ಲ ಅಷ್ಟೆ.' ಮಾತು ಮುಗಿಯುತ್ತಲೇ ಅಪ್ಪ, ಅಮ್ಮ, ಮೇಷ್ಟ್ರು ಎಲ್ಲರೂ ಆ ಹುಡುಗನ ಕಡೆ ತಿರುಗುತ್ತಾರೆ. ಅವನು ನೆಲ ನೋಡುತ್ತಾನೆ. ಅದೇ ಹುಡುಗನಿಗೆ ತನ್ನ ನೆಚ್ಚಿನ ಬ್ಯಾಟ್ಸ್‌ಮನ್ನಿನ ಹತ್ತು ಇನ್ನಿಂಗ್ಸ್‌ಗಳ ರನ್ನು ಬಾಯಿಗೆ ಬರುತ್ತಿರಬಹುದು. ಮನೆಯಲ್ಲಿ ಕುರಿ ಇದ್ದರೆ ಯಾವ ಮರಿ ಯಾವ ತಾಯಿಯದು ಎಂದು ಕತ್ತಲಲ್ಲೂ ಹೇಳಬಲ್ಲವನಾಗಿರಬಹುದು. ಆಸಕ್ತಿ ಎಂಬುದು ಅವನೊಳಗೆ ಇದೆ. ಶಾಲೆಯ ಬಾಗಿಲು ದಾಟಿದಾಗ ಅದಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಆ ಸಭೆಯಲ್ಲಿ ಯಾರೂ ಕೇಳುವುದಿಲ್ಲ.

ಇದು ಮನಃಶಾಸ್ತ್ರದ ಪ್ರಶ್ನೆ ಇರುವಷ್ಟೇ ಇತಿಹಾಸದ ಪ್ರಶ್ನೆಯೂ ಹೌದು. 'ನಿರಾಸಕ್ತ ಮಗು' ಎಂದು ನಾವು ಕರೆಯುವ ಮಗುವನ್ನು ಕಳೆದ ಇನ್ನೂರು ವರ್ಷಗಳ ಶಾಲಾ ವ್ಯವಸ್ಥೆ ಹೇಗೆ ರೂಪಿಸಿತು ಎಂಬುದಕ್ಕೆ ಕಡತಗಳಲ್ಲಿ ಸಾಕಷ್ಟು ಸಾಕ್ಷ್ಯಗಳಿವೆ. ಅವುಗಳಲ್ಲಿ ಕೆಲವು ನಮ್ಮ ನಾಡಿನವೇ.

ಬಳ್ಳಾರಿಯ ಕಲೆಕ್ಟರನ ವರದಿ

1822ರಲ್ಲಿ ಮದ್ರಾಸ್ ಪ್ರಾಂತ್ಯದ ಗವರ್ನರ್ ಥಾಮಸ್ ಮನ್ರೊ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಂದ ಅಲ್ಲಿನ ಶಾಲೆಗಳ ಲೆಕ್ಕ ಕೇಳಿದ. ಹೆಚ್ಚಿನವರು ಅಂಕಿಗಳ ಪಟ್ಟಿ ಕಳಿಸಿ ಸುಮ್ಮನಾದರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಹಾಗೆ ಮಾಡಲಿಲ್ಲ. ತೆಲುಗು ವ್ಯಾಕರಣವನ್ನೇ ಬರೆದಿದ್ದ ಈತನಿಗೆ ಇಲ್ಲಿನ ಭಾಷೆಗಳ ಪರಿಚಯವಿತ್ತು. 1823ರ ಆಗಸ್ಟ್‌ನಲ್ಲಿ ಆತ ಕಳಿಸಿದ ವರದಿ ಅಂದಿನ ಶಾಲೆಯೊಳಗೆ ನಮ್ಮನ್ನು ಕರೆದೊಯ್ದು ಕೂರಿಸುತ್ತದೆ.

ಇಂದಿನ ಅನಂತಪುರದ ಭಾಗವನ್ನೂ ಒಳಗೊಂಡಿದ್ದ ಆ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಓದುವವರು 6,641. ಅಂದರೆ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ. ಅವರಲ್ಲಿ ಹುಡುಗಿಯರು ಕೇವಲ 60. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಪರ್ಶಿಯನ್ನಿನವು 21. ಇಂಗ್ಲಿಷಿನದು ಒಂದೇ ಒಂದು.

ನಮ್ಮ ಹಿರಿಯರು ಕೂಲಿಮಠ ಎಂದು ಕರೆಯುತ್ತಿದ್ದ ಶಾಲೆಗಳು ಇವು. ಐದು ವರ್ಷದ ಮಗುವಿಗೆ ಗಣಪತಿ ಪೂಜೆ ಮಾಡಿಸಿ, ಅಕ್ಕಿಯಲ್ಲಿ ಬೆರಳು ಹಿಡಿದು ತಿದ್ದಿಸಿ ಅಕ್ಷರಾಭ್ಯಾಸ. ಆಮೇಲೆ ನೆಲದ ಮರಳಿನ ಮೇಲೆ ಬರೆಯುವುದು. ಬೆಳಿಗ್ಗೆ ಆರಕ್ಕೇ ಪಾಠ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವಕ್ಕಾಗಿ ಸರಸ್ವತಿಯ ಹೆಸರು, ಎರಡನೆಯವನಿಗೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ ಎಂದು ಒಂದು ಸೊನ್ನೆ, ಮೂರನೆಯವನಿಗೆ ಮೆತ್ತಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಹಿಂದೆ ಬಂದವರಿಗೆಲ್ಲ ಒಂದೊಂದು ಏಟು ಏರುತ್ತ ಹೋಗುತ್ತದೆ. ಸೋಮಾರಿ ಹುಡುಗರಿಗೆ ಇನ್ನೂ ಘೋರ ಶಿಕ್ಷೆ. ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುವುದನ್ನೂ, ನಿಲ್ಲಿಸದೆ ಕೂತು ಏಳಿಸುವುದನ್ನೂ ಕ್ಯಾಂಪ್‌ಬೆಲ್ ಬರೆಯುತ್ತಾನೆ. ಕೋದಂಡ, ಬಸ್ಕಿ ಎಂಬ ಹೆಸರುಗಳಲ್ಲಿ ನಮ್ಮ ಅಜ್ಜಂದಿರ ತಲೆಮಾರಿಗೂ ಇವು ಗೊತ್ತಿದ್ದವು.

ಆದರೆ ಅದೇ ವರದಿಯಲ್ಲಿ, ಶಿಕ್ಷೆಯ ವಿವರಕ್ಕೆ ಸ್ವಲ್ಪ ಮುಂದೆಯೇ, ಹುಡುಗರು ಏಕೆ ಹೀಗಿದ್ದಾರೆ ಎಂಬುದಕ್ಕೆ ಎರಡು ಕಾರಣಗಳು ಸಿಗುತ್ತವೆ. ಮೊದಲನೆಯದು ಪಾಠದ ಭಾಷೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಪದ್ಯಗಳೆಲ್ಲ ಹಳೆಯ ಕಾವ್ಯಭಾಷೆಯವು. ಮನೆಯಲ್ಲಿ, ಪೇಟೆಯಲ್ಲಿ ಆಡುವ ಮಾತಿಗೂ ಅದಕ್ಕೂ ಸಂಬಂಧವಿರಲಿಲ್ಲ. ನೂರಾರು ಪದ್ಯ ಒಪ್ಪಿಸುವ ಹುಡುಗನಿಗೆ ಅದರ ಅರ್ಥ ಗಿಣಿಗೆ ತಿಳಿದಷ್ಟೇ ತಿಳಿದಿರುತ್ತದೆ ಎಂದು ಕಲೆಕ್ಟರ್ ದೂರುತ್ತಾನೆ. ಎಷ್ಟೋ ಸಲ ಮೇಷ್ಟರಿಗೂ ಅರ್ಥ ಗೊತ್ತಿರುತ್ತಿರಲಿಲ್ಲ.

ಎರಡನೆಯದು ಬಡತನ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರರ ಮಗ್ಗಗಳು ನಿಂತಿದ್ದವು. ದಂಡುಗಳು ದೂರದ ಗಡಿಗೆ ಹೋದದ್ದರಿಂದ ಧಾನ್ಯ ಕೊಳ್ಳುವವರಿರಲಿಲ್ಲ. ಮಗುವಿನ ಎಳೆಯ ಕೈಗೆ ಒಂದಿಷ್ಟು ಕಸುವು ಬರುತ್ತಲೇ ತಂದೆತಾಯಿಗೆ ಅದರ ದುಡಿಮೆ ಬೇಕಾಗುತ್ತಿತ್ತು. ಮೊದಲು ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲ ಎಂದು ಆತ ಬರೆದ. ತನ್ನದೇ ಸರ್ಕಾರದ ಆಳ್ವಿಕೆಯ ಫಲವಿದು ಎಂಬುದನ್ನು ಮರೆಮಾಚಲೂ ಇಲ್ಲ.

ಧರ್ಮಪಾಲರು 1983ರಲ್ಲಿ ಮನ್ರೊ ಕಾಲದ ಈ ವರದಿಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ, ಬ್ರಿಟಿಷರಿಗಿಂತ ಮುಂಚೆ ನಮ್ಮ ಶಾಲೆಗಳೆಲ್ಲ ಸೊಗಸಾಗಿದ್ದವು ಎಂದು ವಾದಿಸುವವರು ಇವನ್ನೇ ಎತ್ತಿ ತೋರಿಸುತ್ತಾರೆ. ಕೋದಂಡದ ಹಗ್ಗವನ್ನೂ, 60 ಹುಡುಗಿಯರ ಲೆಕ್ಕವನ್ನೂ ಪಕ್ಕಕ್ಕಿಟ್ಟರೆ ಮಾತ್ರ ಆ ಚಿತ್ರ ಸೊಗಸಾಗುತ್ತದೆ. ಕೂಲಿಮಠದಲ್ಲಿ ಗಮನಿಸಬೇಕಾದ ಒಳ್ಳೆಯದು ಬೇರೆ ಇತ್ತು. ಒಂದೊಂದು ಶಾಲೆಯಲ್ಲಿ ಸರಾಸರಿ ಹನ್ನೆರಡು ಮಕ್ಕಳು. ಮುಂದೆ ಹೋದ ಹುಡುಗ ಹಿಂದಿರುವವನಿಗೆ ಹೇಳಿಕೊಡುತ್ತಿದ್ದ. ಹೇಳಿಕೊಡುತ್ತ ತಾನೂ ಗಟ್ಟಿಯಾಗುತ್ತಿದ್ದ. ವರ್ಷದ ಕೊನೆಗೆ ಪರೀಕ್ಷೆ ಇರಲಿಲ್ಲ. ಹುಡುಗ ಸೋಮಾರಿ ಎನಿಸಿಕೊಳ್ಳಬಹುದಿತ್ತು, ಏಟು ತಿನ್ನಬಹುದಿತ್ತು. ಆದರೆ 'ಫೇಲಾದವನು' ಎಂಬ ಜಾತಿ ಇನ್ನೂ ಹುಟ್ಟಿರಲಿಲ್ಲ.

ಮರಳು ಹಡಗು ಹತ್ತಿದ್ದು

ಕ್ಯಾಂಪ್‌ಬೆಲ್‌ನ ವರದಿಗೆ ಕಾಲು ಶತಮಾನ ಮೊದಲೇ ನಮ್ಮ ಈ ಶಾಲೆಯ ಒಂದು ತುಣುಕು ಸಮುದ್ರ ದಾಟಿತ್ತು. ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ನಡೆಯುತ್ತಿದ್ದ ಆಶ್ರಮಶಾಲೆಯನ್ನು 1789ರಿಂದ ನೋಡಿಕೊಳ್ಳುತ್ತಿದ್ದವನು ಆಂಡ್ರ್ಯೂ ಬೆಲ್ ಎಂಬ ಪಾದ್ರಿ. ಜಗಲಿ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುತ್ತ ಕಲಿಯುವುದು ಅವನ ಕಣ್ಣಿಗೆ ಬಿತ್ತು. ತನ್ನ ಶಾಲೆಯಲ್ಲೂ ಅದನ್ನು ತಂದ. ಕಲಿತ ಹುಡುಗರಿಂದಲೇ ಕಿರಿಯರಿಗೆ ಪಾಠ ಹೇಳಿಸಿದ. ಊರಿಗೆ ಮರಳಿ 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಬರೆದ. 'ಮದ್ರಾಸ್ ಪದ್ಧತಿ' ಎಂದೇ ಅದು ಹೆಸರಾಯಿತು.

ಕೈಗಾರಿಕೆಗಳ ಊರುಗಳಲ್ಲಿ ಬಡವರ ಮಕ್ಕಳು ಕಿಕ್ಕಿರಿದಿದ್ದ ಇಂಗ್ಲೆಂಡಿಗೆ ಇದರಲ್ಲಿ ಕಂಡ ದೊಡ್ಡ ಗುಣ ಅಗ್ಗದ ಖರ್ಚು. ಒಬ್ಬ ಮೇಷ್ಟ್ರ ಸಂಬಳದಲ್ಲಿ ನೂರಾರು ಮಕ್ಕಳನ್ನು ಒಂದೇ ಹಜಾರದಲ್ಲಿ ಸಾಲಾಗಿ ಕೂರಿಸಿ ಪಾಠ ಮಾಡಬಹುದಿತ್ತು. ಹನ್ನೆರಡು ಮಕ್ಕಳ ನಡುವೆ ಪರಸ್ಪರ ಹೇಳಿಕೊಡುವ ಒಡನಾಟವಾಗಿದ್ದದ್ದು ಅಲ್ಲಿ ಕವಾಯತಾಯಿತು. ಮುಂದೆ ಅಲ್ಲಿನ ಸರ್ಕಾರ ಇಂಥ ಶಾಲೆಗಳಿಗೆ ಹಣ ಕೊಡತೊಡಗಿದಾಗ, ಕೊಟ್ಟ ಹಣಕ್ಕೆ ಲೆಕ್ಕ ಬೇಕೆಂಬ ಪ್ರಶ್ನೆಯೂ ಎದ್ದಿತು.

ಫಲಿತಾಂಶಕ್ಕೆ ತಕ್ಕ ಹಣ

1862ರಲ್ಲಿ ರಾಬರ್ಟ್ ಲೋ ಎಂಬ ರಾಜಕಾರಣಿ ಇಂಗ್ಲೆಂಡಿನಲ್ಲಿ ಹೊಸ ಅನುದಾನ ಸಂಹಿತೆ ಜಾರಿಗೆ ತಂದ. ಅದರ ಲೆಕ್ಕ ಸರಳವಾಗಿತ್ತು. ಸರಾಸರಿ ಹಾಜರಾತಿಯ ಮೇಲೆ ಮಗುವಿಗೆ 4 ಶಿಲಿಂಗ್. ಓದು, ಬರಹ, ಲೆಕ್ಕ ಮೂರರಲ್ಲೂ ಇನ್ಸ್‌ಪೆಕ್ಟರ್ ಎದುರು ಪಾಸಾದರೆ ಮತ್ತೆ 8 ಶಿಲಿಂಗ್. ಒಂದು ವಿಷಯದಲ್ಲಿ ತಪ್ಪಿದರೆ 2 ಶಿಲಿಂಗ್ 8 ಪೆನ್ಸ್ ಕಡಿತ. ಕಲಿಕೆಯನ್ನು ಆರು ಮಟ್ಟಗಳಾಗಿ ಒಡೆದು ಒಂದೊಂದಕ್ಕೂ 'ಸ್ಟ್ಯಾಂಡರ್ಡ್' ಎಂದು ಹೆಸರಿಟ್ಟರು. 'ನಿಮ್ಮ ಮಗಳು ಎಷ್ಟನೇ ಸ್ಟ್ಯಾಂಡರ್ಡು?' ಎಂದು ನಾವು ಕೇಳುವಾಗ ಬಳಸುವ ಮಾತು ಅದೇ. ಒಂದು ಮಟ್ಟದ ಕಲಿಕೆಗೆ ಸಲ್ಲುವ ಹಣದ ಅಳತೆ ಅದರ ಹಿಂದಿತ್ತು.

ಇದರಿಂದ ತರಗತಿಯೊಳಗೆ ಏನಾಯಿತು? ಮೇಷ್ಟ್ರ ಸಂಬಳ ಈಗ ಮಗುವಿನ ನಾಲಿಗೆಯ ಮೇಲೆ ನಿಂತಿತ್ತು. ಚುರುಕಾದ ಹುಡುಗಿ ಹೇಗೂ ಪಾಸಾಗುತ್ತಾಳೆ, ಅವಳಿಗೆ ಹೆಚ್ಚು ಕಲಿಸಿದರೆ ಹೆಚ್ಚು ಹಣ ಬರುವುದಿಲ್ಲ. ತೀರಾ ಹಿಂದುಳಿದವನಿಗಾಗಿ ಎಷ್ಟು ಬೆವರು ಹರಿಸಿದರೂ ಗಿಟ್ಟುವುದಿಲ್ಲ. ನಡುವಿನವರನ್ನು ಹಿಡಿದು ತಿಕ್ಕುವುದೇ ಜಾಣತನ. ಇತಿಹಾಸ, ಭೂಗೋಳ, ಹಾಡು, ಚಿತ್ರ ಯಾವುದಕ್ಕೂ ಹಣವಿಲ್ಲವಾದ್ದರಿಂದ ಅವು ಮೂಲೆ ಸೇರಿದವು. ಓದುವ ಪರೀಕ್ಷೆಗೆ ನಿಗದಿಯಾದ ಪುಸ್ತಕವನ್ನೇ ವರ್ಷವಿಡೀ ತಿದ್ದಿ ತೀಡಿ ಬಾಯಿಪಾಠ ಮಾಡಿಸಿದರಾಯಿತು, ಓದಲು ಬಾರದ ಮಗುವೂ ಪಾಸಾಗುತ್ತದೆ.

ಇದನ್ನು ಕಣ್ಣಾರೆ ಕಂಡು ಬರೆದವನು ಕವಿ ಮ್ಯಾಥ್ಯೂ ಆರ್ನಲ್ಡ್. 1851ರಿಂದ ಮೂವತ್ತೈದು ವರ್ಷ ಅವನು ಶಾಲಾ ಇನ್ಸ್‌ಪೆಕ್ಟರ್ ಆಗಿದ್ದ. ಹೊಸ ನಿಯಮ ಬಂದ ಮೇಲೆ ತಾನು ಭೇಟಿ ಕೊಡುವ ಶಾಲೆಗಳಲ್ಲಿ ಜೀವಂತಿಕೆ ಕುಂದಿದೆ, ಮೇಷ್ಟ್ರು ಮಕ್ಕಳಿಬ್ಬರ ಮನಸ್ಸೂ ಯಂತ್ರದಂತಾಗಿದೆ, ನಿಜಕ್ಕೂ ಕಲಿಸದೆಯೇ ಮಕ್ಕಳನ್ನು ಪರೀಕ್ಷೆ ದಾಟಿಸುವ ಕಲೆಯನ್ನು ಶಾಲೆಗಳು ಕಲಿತುಬಿಟ್ಟಿವೆ ಎಂದು ವರದಿಗಳಲ್ಲಿ ಮತ್ತೆ ಮತ್ತೆ ಎಚ್ಚರಿಸಿದ. ಆ ಪದ್ಧತಿ ಅಲ್ಲಿ ಪೂರ್ತಿಯಾಗಿ ಕೊನೆಗೊಂಡದ್ದು 1890ರ ದಶಕದಲ್ಲಿ.

ಅಷ್ಟರಲ್ಲಿ ಅದು ಮದ್ರಾಸಿಗೂ ಬಂದಿತ್ತು. 1860ರ ದಶಕದಲ್ಲೇ ಇಲ್ಲಿನ ಪ್ರಾಥಮಿಕ ಶಾಲೆಗಳಿಗೆ ಫಲಿತಾಂಶದ ಮೇಲೆ ಅನುದಾನ ಕೊಡುವ ಪದ್ಧತಿ ಶುರುವಾಯಿತು. 1882ರ ಹಂಟರ್ ಆಯೋಗವೂ ಹಳ್ಳಿಯ ಜಗಲಿ ಶಾಲೆಗಳನ್ನು ಸುಧಾರಿಸಲು ಇದೇ ದಾರಿ ಎಂದು ಶಿಫಾರಸು ಮಾಡಿತು. ಇಲ್ಲಿಂದ ಹೋದ ಮರಳಿನ ಪಾಠ ಹೀಗೆ ಇನ್ಸ್‌ಪೆಕ್ಟರನ ಲೆಕ್ಕದ ಪುಸ್ತಕವಾಗಿ ಹಿಂದಿರುಗಿತು. 1904ರಲ್ಲಿ ಕರ್ಜನ್ ಸರ್ಕಾರ ತನ್ನ ಶಿಕ್ಷಣ ನೀತಿಯ ಠರಾವಿನಲ್ಲಿ ಈ ಪದ್ಧತಿಯನ್ನು ಕೈಬಿಟ್ಟು, ಪರೀಕ್ಷೆಗಳ ಅತಿಯಾದ ಹಿಡಿತವನ್ನು ಟೀಕಿಸಿತು. ನಿಯಮ ಹೋಯಿತು, ಅಭ್ಯಾಸ ಉಳಿಯಿತು. 'ಸಾಹೇಬರು ಬರ್ತಾರೆ' ಎಂದರೆ ಶಾಲೆಗೆ ಸುಣ್ಣ ಬಳಿಯುವುದು, ಜಾಣರನ್ನು ಮುಂದಿನ ಸಾಲಿಗೆ ಎಳೆದು ದಡ್ಡರೆನಿಸಿದವರನ್ನು ಹಿಂದಕ್ಕೆ ತಳ್ಳುವುದು ನಮ್ಮ ಹಿಂದಿನ ತಲೆಮಾರು ಕಂಡದ್ದೇ. 'ನೀನು ನಾಳೆ ಬರಬೇಡ' ಎಂಬ ಮಾತು ಕೇಳಿಸಿಕೊಂಡ ಹುಡುಗನಿಗೆ ಶಾಲೆಯಲ್ಲಿ ತನ್ನ ಜಾಗ ಯಾವುದೆಂದು ಬೇರೆ ಪಾಠದಲ್ಲಿ ಹೇಳಿಕೊಡಬೇಕಿರಲಿಲ್ಲ.

ಮೇಷ್ಟ್ರನ್ನು ದೂರಿ ಫಲವಿಲ್ಲ. ಶಿಕ್ಷಣತಜ್ಞ ಕೃಷ್ಣ ಕುಮಾರ್ ತೋರಿಸಿಕೊಟ್ಟಂತೆ, ವಸಾಹತು ಕಾಲದ ವ್ಯವಸ್ಥೆ ಊರ ಮೇಷ್ಟ್ರನ್ನು ಇಲಾಖೆಯ ಕೆಳಗಿನ ನೌಕರನನ್ನಾಗಿ ಮಾಡಿತು. ಏನು ಕಲಿಸಬೇಕು, ಯಾವ ಪುಸ್ತಕ, ಎಷ್ಟು ದಿನ ಎಂಬ ಯಾವುದೂ ಅವನ ಕೈಯಲ್ಲಿರಲಿಲ್ಲ. ಇನ್ಸ್‌ಪೆಕ್ಟರ್ ಮುಂದೆ ಕೈಕಟ್ಟಿ ನಿಲ್ಲುವ ಮೇಷ್ಟ್ರು ಮಕ್ಕಳ ಮುಂದೆ ಸರ್ವಾಧಿಕಾರಿಯಾದ. ಸರ್ಕಾರ ಕೊಟ್ಟ ಪಠ್ಯಪುಸ್ತಕವನ್ನು ಮುಗಿಸುವುದೇ ಅವನ ಸುರಕ್ಷಿತ ದಾರಿಯಾಯಿತು. ತನಗೇ ಆಯ್ಕೆಯಿಲ್ಲದವನು ಮಕ್ಕಳಲ್ಲಿ ಕುತೂಹಲ ಹುಟ್ಟಿಸುವುದು ಹೇಗೆ?

ಆಸಕ್ತಿ ಇದ್ದವನಿಗೆ ಏನಾಯಿತು?

ಇಲ್ಲಿಯವರೆಗೆ ಶಾಲೆಯ ಒಳಗಿದ್ದ ಮಕ್ಕಳ ಮಾತಾಯಿತು. ಓದಲೇಬೇಕೆಂದು ತಾವಾಗಿ ಬಂದವರ ಕಥೆಯೂ ದಾಖಲೆಯಲ್ಲಿದೆ. 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಒಬ್ಬ ಮಹಾರ್ ಹುಡುಗನ ಅರ್ಜಿ ಮುಂಬಯಿ ಸರ್ಕಾರದ ಮುಂದೆ ಬಂತು. ಶಾಲೆ ಅವನನ್ನು ಸೇರಿಸಿಕೊಂಡಿರಲಿಲ್ಲ. ನ್ಯಾಯ ಹುಡುಗನ ಕಡೆಗೇ ಇದೆ ಎಂದು ಸರ್ಕಾರ ಒಪ್ಪಿಕೊಂಡಿತು. ಆದರೆ ಇವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರು ಶಾಲೆ ಬಿಡುತ್ತಾರೆ, ಆದ್ದರಿಂದ ಆಗದು ಎಂದು ತೀರ್ಮಾನಿಸಿತು. ಈ ತೀರ್ಮಾನಕ್ಕೆ ಭಾರತ ಸರ್ಕಾರ ಅಸಮಾಧಾನ ತೋರಿತು. 1858ರಲ್ಲಿ ಕಂಪನಿಯ ನಿರ್ದೇಶಕರು, ಸರ್ಕಾರದ ಖರ್ಚಿನಲ್ಲೇ ನಡೆಯುವ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕು ಎಂಬ ತತ್ವವನ್ನು ಎತ್ತಿಹಿಡಿದರು. ಅಂಬೇಡ್ಕರ್ ಅವರು ತಮ್ಮ ಬರಹಗಳಲ್ಲಿ ಈ ಪ್ರಕರಣವನ್ನು ಎತ್ತಿ ಚರ್ಚಿಸಿದ್ದಾರೆ.

ತತ್ವ ಗೆದ್ದರೂ ಬಾಗಿಲು ತೆರೆಯಲು ದಶಕಗಳು ಹಿಡಿದವು. ತೆರೆದ ಮೇಲೂ ಒಳಗೆ ಏನು ಕಾದಿತ್ತು ಎಂಬುದಕ್ಕೆ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ದಂಥ ಕನ್ನಡದ ದಲಿತ ಆತ್ಮಕಥನಗಳು ಸಾಕ್ಷಿ ಹೇಳುತ್ತವೆ.

ಅವಮಾನ ಮಗುವಿನ ಬುದ್ಧಿಯ ಮೇಲೆ ಏನು ಮಾಡುತ್ತದೆ ಎಂಬುದನ್ನು ಅಳೆದವರೂ ಇದ್ದಾರೆ. ಅರ್ಥಶಾಸ್ತ್ರಜ್ಞರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಈ ಶತಮಾನದ ಮೊದಲ ದಶಕದಲ್ಲಿ ಉತ್ತರ ಪ್ರದೇಶದ ಹಳ್ಳಿಗಳ 6 ಮತ್ತು 7ನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳನ್ನು ಬಿಡಿಸಲು ಕೊಟ್ಟರು. ಜಾತಿಯ ಸುದ್ದಿ ಎತ್ತದಿದ್ದಾಗ ಮೇಲ್ಜಾತಿ ಕೆಳಜಾತಿಯ ಹುಡುಗರ ಸಾಧನೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆಟಕ್ಕೆ ಮುಂಚೆ ಎಲ್ಲರೆದುರು ಪ್ರತಿಯೊಬ್ಬನ ಹೆಸರು, ಜಾತಿ ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಸಂಖ್ಯೆ ಗಣನೀಯವಾಗಿ ಕುಸಿಯಿತು. ಕೆಲವೇ ನಿಮಿಷಗಳ ಅಂತರದಲ್ಲಿ ಆ ಮಕ್ಕಳ ಬುದ್ಧಿಶಕ್ತಿ ಬದಲಾಗಿರಲಿಲ್ಲ. ತಮಗೆ ಇಲ್ಲಿ ಎಂಥ ನ್ಯಾಯ ಸಿಗುತ್ತದೆ ಎಂಬ ಅಂದಾಜು ಬದಲಾಗಿತ್ತು. ಹೊರಗಿನಿಂದ ನೋಡಿದ ಮೇಷ್ಟರಿಗೆ ಅದೇ 'ಆಸಕ್ತಿ ಇಲ್ಲ' ಎಂದು ಕಾಣುತ್ತದೆ.

ಬಹುಮಾನದ ಆಸೆ ತೋರಿಸಿದರೆ ಸರಿಹೋದೀತೆಂಬ ನಂಬಿಕೆಯೂ ಹಳೆಯದೇ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಃಶಾಸ್ತ್ರಜ್ಞರು, ತಾವಾಗಿಯೇ ಬಣ್ಣದ ಪೆನ್ನು ಹಿಡಿದು ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಚಿತ್ರ ಬರೆದರೆ ಬಹುಮಾನದ ಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಬರೆಸಿದರು, ಕೊಟ್ಟರು. ಒಂದೆರಡು ವಾರಗಳ ನಂತರ ಆ ಮಕ್ಕಳು ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದ ಹೊತ್ತು ಉಳಿದವರದಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೆ ಬಹುಮಾನ ಪಡೆದವರಲ್ಲಿ ಹಾಗಾಗಲಿಲ್ಲ. ಆಟವಾಗಿದ್ದದ್ದು ಮೊದಲ ಗುಂಪಿನವರಿಗೆ ಕೂಲಿಯಾಗಿತ್ತು. ಅಂಕಕ್ಕಾಗಿಯೇ ಹತ್ತು ವರ್ಷ ಓದಿದ ಹುಡುಗ ಪರೀಕ್ಷೆ ಮುಗಿದ ದಿನ ಪುಸ್ತಕಗಳನ್ನು ರದ್ದಿಗೆ ಹಾಕುವುದು ಇದರಿಂದ ದೂರದ ಮಾತಲ್ಲ.

ಚೀಲ ಮತ್ತು ಚಪ್ಪರ

1989ರಲ್ಲಿ ರಾಜ್ಯಸಭೆಯಲ್ಲಿ ಮೈಸೂರಿನ ಆರ್.ಕೆ. ನಾರಾಯಣ್ ತಮ್ಮ ಮೊದಲ ಭಾಷಣಕ್ಕೆ ಆರಿಸಿಕೊಂಡ ವಿಷಯ ಶಾಲಾಮಕ್ಕಳ ಬೆನ್ನ ಮೇಲಿನ ಚೀಲ. ಆ ಮಾತು ಎಬ್ಬಿಸಿದ ಚರ್ಚೆಯ ಮುಂದುವರಿಕೆಯಾಗಿ ವಿಜ್ಞಾನಿ ಯಶಪಾಲ್ ಅವರ ನೇತೃತ್ವದಲ್ಲಿ ಸಮಿತಿಯೊಂದು ರಚನೆಯಾಗಿ, 1993ರಲ್ಲಿ ವರದಿ ಕೊಟ್ಟಿತು. ಪುಸ್ತಕಗಳ ಭಾರಕ್ಕಿಂತ ದೊಡ್ಡ ಹೊರೆ, ಓದಿದ್ದು ಅರ್ಥವಾಗದಿರುವುದು ಎಂದು ಸಮಿತಿ ಹೇಳಿತು. ಬಳ್ಳಾರಿಯ ಕಲೆಕ್ಟರ್ ಗಿಣಿಪಾಠದ ಬಗ್ಗೆ ದೂರಿ ಆಗ 170 ವರ್ಷಗಳಾಗಿದ್ದವು.

ಬೇರೆ ದಾರಿಯನ್ನು ನಮ್ಮಲ್ಲೇ ಹುಡುಕಿದ್ದೂ ಉಂಟು. 1990ರ ದಶಕದ ಮಧ್ಯದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ 'ನಲಿಕಲಿ' ರೂಪಿಸಿದರು. ಪಠ್ಯವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು, ಗೋಡೆಯ ಮೇಲೆ ಕಲಿಕೆಯ ಏಣಿ ಬರೆದು, ಮಕ್ಕಳು ಮಾಡಿದ್ದನ್ನು ತಲೆಯ ಮೇಲಿನ ಚಪ್ಪರಕ್ಕೆ ತೂಗುಹಾಕಿದರು. ಪ್ರತಿ ಮಗು ತನ್ನ ಮೆಟ್ಟಿಲಿನಿಂದ ತನ್ನ ವೇಗದಲ್ಲಿ ಹತ್ತಬೇಕು. ಹತ್ತಿದವರು ಪಕ್ಕದವರಿಗೆ ಕೈಕೊಡಬೇಕು. ಆ ತಾಲ್ಲೂಕಿನ ಆದಿವಾಸಿ ಕುಟುಂಬಗಳು ಕೆಲಸಕ್ಕಾಗಿ ಕೊಡಗಿನ ಕಾಫಿ ತೋಟಗಳಿಗೆ ಹೋಗಿಬರುತ್ತವೆ. ಹಳೆಯ ಪದ್ಧತಿಯಲ್ಲಿ ತಿಂಗಳ ನಂತರ ಬಂದ ಮಗುವಿಗೆ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಅರ್ಥವಾಗದೆ ಕೂತ ಆ ಮಗು ನಿರಾಸಕ್ತ ಎನಿಸಿಕೊಳ್ಳುತ್ತಿತ್ತು. ಇಲ್ಲಿ ಅದು ಬಿಟ್ಟ ಕಾರ್ಡಿನಿಂದಲೇ ಮತ್ತೆ ಶುರುಮಾಡಬಹುದು. 2009-10ರಲ್ಲಿ ನಲಿಕಲಿ ರಾಜ್ಯದ ಎಲ್ಲೆಡೆಗೆ ವಿಸ್ತರಿಸಿತು. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಶಿಕ್ಷಕರ ಕೊರತೆಯನ್ನು ಮುಚ್ಚಿಡಲು ಅದು ನೆಪವಾಗಿದೆ ಎಂಬ ಆಕ್ಷೇಪವೂ ಇದೆ. ಬೆಲ್‌ನ ಪದ್ಧತಿಗೆ ಇಂಗ್ಲೆಂಡಿನಲ್ಲಿ ಆದದ್ದನ್ನು ನೆನೆದರೆ ಆ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕಲಾಗದು. ಅಗ್ಗವೆಂಬ ಕಾರಣಕ್ಕೆ ಮೆಚ್ಚಿಕೊಂಡ ಒಳ್ಳೆಯ ಪದ್ಧತಿ ಬೇಗ ಕೆಡುತ್ತದೆ.

ಇತ್ತ 5 ಮತ್ತು 8ನೇ ತರಗತಿಗಳಿಗೂ ರಾಜ್ಯ ಮಟ್ಟದ ಪರೀಕ್ಷೆ ಬೇಕೆಂಬ ಸರ್ಕಾರದ ನಿರ್ಧಾರ ಈಚಿನ ವರ್ಷಗಳಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೂ ಹೋಯಿತು. ಪರೀಕ್ಷೆಯ ಭಯವಿಲ್ಲದಿದ್ದರೆ ಮಕ್ಕಳು ಓದುವುದಿಲ್ಲ ಎಂಬುದು ಪರೀಕ್ಷೆ ಬೇಕೆನ್ನುವವರ ಮುಖ್ಯ ವಾದ. ಮಕ್ಕಳು ಕಲಿಯುತ್ತಿಲ್ಲ ಎಂಬ ಅವರ ಆತಂಕ ಸುಳ್ಳಲ್ಲ. ಓದಲು ಬಾರದ ಮಗುವನ್ನು ಸುಮ್ಮನೆ ಮುಂದಿನ ತರಗತಿಗೆ ತಳ್ಳುವುದೂ ಒಂದು ಬಗೆಯ ವಂಚನೆಯೇ. ಆದರೆ ಭಯದಿಂದ ಓದಿಸುವ ಪ್ರಯೋಗ ಹೊಸದಲ್ಲ. ಸೂರಿನ ಹಗ್ಗದಿಂದ ಹಿಡಿದು 2 ಶಿಲಿಂಗ್ 8 ಪೆನ್ಸಿನ ಕಡಿತದವರೆಗೆ ಅದರ ಫಲ ಏನೆಂದು ಬರೆದಿಟ್ಟವರಿದ್ದಾರೆ.

ಬಳ್ಳಾರಿಯ ಆ ಕಲೆಕ್ಟರ್ ಶಾಲೆಗಳೇಕೆ ಖಾಲಿಯಾಗುತ್ತಿವೆ ಎಂದು ತಿಳಿಯಲು ನಿಂತುಹೋದ ಮಗ್ಗಗಳನ್ನು ನೋಡಿದ. ಹುಡುಗರೇಕೆ ಗಿಣಿಗಳಾಗಿದ್ದಾರೆ ಎಂದು ತಿಳಿಯಲು ಅವರ ಕೈಯಲ್ಲಿದ್ದ ಪುಸ್ತಕದ ಭಾಷೆಯನ್ನು ನೋಡಿದ. ಇಂದಿನ ಮೇಷ್ಟ್ರಿಗೆ, ಪೋಷಕರಿಗೆ, ನಾಳೆ ಶಿಕ್ಷಕರಾಗಲಿರುವ ವಿದ್ಯಾರ್ಥಿಗಳಿಗೆ ಆ ಕ್ರಮ ಈಗಲೂ ಉಪಯೋಗಕ್ಕೆ ಬರುತ್ತದೆ. ಹಿಂದಿನ ಬೆಂಚಿನ ಹುಡುಗನಿಗೆ ಪಾಠದ ಭಾಷೆ ಅರ್ಥವಾಗುತ್ತಿದೆಯೇ? ಅವನು ಬೆಳಿಗ್ಗೆ ಮನೆಯಲ್ಲಿ ಎಷ್ಟು ಹೊತ್ತು ದುಡಿದು ಬಂದಿದ್ದಾನೆ? ತರಗತಿಯಲ್ಲಿ ಅವನನ್ನು ಯಾವ ಹೆಸರಿನಿಂದ ಕರೆಯುತ್ತಾರೆ? ಕಳೆದ ಸಲ ಅವನು ತಪ್ಪು ಉತ್ತರ ಹೇಳಿದಾಗ ಏನಾಯಿತು? ಈ ನಾಲ್ಕಕ್ಕೂ ಉತ್ತರ ತಿಳಿದ ಮೇಲೂ ಅವನಿಗೆ ಆಸಕ್ತಿ ಇಲ್ಲ ಎಂದು ಹೇಳುವುದಾದರೆ ಹೇಳಬಹುದು.